ಬಡಾವಣೆ ಲೈಬ್ರರಿಗೆ ಮಕ್ಕಳನ್ನ ಕರ್ಕೊಂಡು ಹೋಗೋದು: ಎಲ್ಲಿಂದ ಶುರು ಮಾಡಬೇಕು?

ವಿಜಯನಗರದಮ್ಮ:
ಮಕ್ಕಳಿಗೆ 5 ಮತ್ತು 9 ವರ್ಷ, ಇಬ್ಬರೂ ಇಂಗ್ಲಿಷ್ ಮೀಡಿಯಂ. ಮನೇಲಿ ಕನ್ನಡವೇ ಮಾತು, ಆದರೆ ದೊಡ್ಡವಳು ಓದೋದು ಅಕ್ಷರ ಕೂಡಿಸಿಕೊಂಡು. ರಜೆಯಲ್ಲಿ ಸರ್ಕಾರಿ ಲೈಬ್ರರಿಗಳನ್ನ ತೋರಿಸಬೇಕು ಅಂತಿದೆ. ಮೊದಲು ಕಬ್ಬನ್ ಪಾರ್ಕಿನದ್ದಾ, ಹತ್ತಿರದ ಶಾಖೆಯಾ? ಸದಸ್ಯತ್ವಕ್ಕೆ ಏನೇನು ಬೇಕು? ಅಲ್ಲಿ ಮಕ್ಕಳಿಗೆ ಏನು ಮಾಡಿಸಬಹುದು?

ಹಂಪಿನಗರ ಓದುಗ:
ಹತ್ತಿರದ ಶಾಖೆಯೇ ಮೊದಲು. ನಡೆದು ಹೋಗೋ ದೂರದಲ್ಲಿದ್ದರೆ ಮಾತ್ರ ವಾರ ವಾರ ಹೋಗೋದು ಉಳಿಯುತ್ತೆ. ನಿಮಗೆ ಹಂಪಿನಗರದಲ್ಲೇ ಪಶ್ಚಿಮ ವಲಯದ ನಗರ ಕೇಂದ್ರ ಗ್ರಂಥಾಲಯ ಇದೆ.

ಸೋಮವಾರ ಹೋಗಬೇಡಿ, ರಜೆ. ಭಾನುವಾರ ತೆಗೆದಿರುತ್ತೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಸಣ್ಣ ಶಾಖೆಗಳಲ್ಲಿ ಹಲವು ಮಧ್ಯಾಹ್ನ ಬಾಗಿಲು ಹಾಕಿ ಸಂಜೆ ಮತ್ತೆ ತೆಗೀತವೆ. ಬಾಗಿಲ ಮೇಲಿನ ಬೋರ್ಡಿನ ಫೋಟೋ ತೆಗೆದಿಟ್ಟುಕೊಳ್ಳಿ, ಇಂಟರ್ನೆಟ್ಟಿನಲ್ಲಿ ಸಿಗೋ ಸಮಯ ನಂಬಬೇಡಿ.

ಮೊದಲ ದಿನವೇ ಠೇವಣಿ ಕಟ್ಟಬೇಡಿ. ಮಕ್ಕಳ ಕಪಾಟು ಎಲ್ಲಿದೆ, ಹೊಸ ಪುಸ್ತಕ ಬರ್ತಾ ಇದೆಯಾ, ಮಕ್ಕಳ ಕೈಗೆ ಎಟುಕುತ್ತಾ ಅಂತ ನೋಡಿ. ಆಮೇಲೆ ಅರ್ಜಿ ತಗೊಳ್ಳಿ. ವಿಳಾಸದ ದಾಖಲೆ, ಫೋಟೋ ಜೊತೆಗಿರಲಿ. ಅರ್ಜಿಯಲ್ಲಿ ಜಾಮೀನು ಸಹಿಗೆ ಜಾಗ ಇದ್ದರೆ ಯಾರ ಸಹಿ ನಡೆಯುತ್ತೆ ಅಂತ ಅಲ್ಲೇ ಕೇಳಿ, ಇಲ್ಲದಿದ್ದರೆ ಅದಕ್ಕೇ ಇನ್ನೊಂದು ಸಲ ಅಲೆಯಬೇಕು. ಠೇವಣಿಯ ರಸೀದಿ ಜೋಪಾನ. ಸದಸ್ಯತ್ವ ಬಿಡುವಾಗ ಹಣ ವಾಪಸ್ ಕೇಳೋಕೆ ಅದೇ ಆಧಾರ.

ಒಂದು ಮಾತು. ಓದುವ ಕೋಣೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಕೂತವರೇ ಹೆಚ್ಚು. ಅಲ್ಲಿ ಮಕ್ಕಳ ಪಿಸುಮಾತೂ ತೊಂದರೆ, ಗದರಿಸಿಕೊಂಡ ಮಗು ಮತ್ತೆ ಬರೋಲ್ಲ. ಪುಸ್ತಕ ಆರಿಸಿ, ಮುದ್ರೆ ಹಾಕಿಸಿಕೊಂಡು ಮನೆಗೆ ತನ್ನಿ.

ಕಪಾಟಿನ ಪಕ್ಕ:
ಮಕ್ಕಳಿಗೆ ಏನು ಮಾಡಿಸೋದು ಅನ್ನೋದಕ್ಕೆ ನನ್ನ ಉತ್ತರ: ಲೈಬ್ರರಿ ಹೇಗೆ ಕೆಲಸ ಮಾಡುತ್ತೆ ಅನ್ನೋದನ್ನೇ ಹುಡುಕಾಟ ಮಾಡಿ.

ಹಳೇ ಪುಸ್ತಕದಲ್ಲಿ ಲೈಬ್ರರಿಯ ಮುದ್ರೆ ಶೀರ್ಷಿಕೆ ಪುಟದಲ್ಲಷ್ಟೇ ಇರೋಲ್ಲ. ಎಷ್ಟೋ ಲೈಬ್ರರಿಗಳು ಒಂದು ಪುಟಸಂಖ್ಯೆ ಗೊತ್ತುಮಾಡಿಕೊಂಡು ಪ್ರತಿ ಪುಸ್ತಕದ ಅದೇ ಪುಟಕ್ಕೆ ಮುದ್ರೆ ಒತ್ತುತ್ತವೆ. ಮೊದಲ ಹಾಳೆ ಯಾರಾದರೂ ಕಿತ್ತರೂ ಪುಸ್ತಕ ಯಾರದು ಅಂತ ಗೊತ್ತಾಗಲಿ ಅಂತ. 9 ವರ್ಷದವಳ ಕೈಗೆ ಎರಡು ಹಳೇ ಪುಸ್ತಕ ಕೊಟ್ಟು ಒಳಗಿನ ಮುದ್ರೆ ಹುಡುಕೋಕೆ ಹೇಳಿ. ಎರಡರಲ್ಲೂ ಒಂದೇ ಪುಟ ಅಂತ ಕಂಡುಹಿಡಿದರೆ ಮೂರನೇದನ್ನ ತೆರೆಯೋ ಮೊದಲೇ ಪುಟ ಹೇಳ್ತಾಳೆ. ನೀವಾಗಿ ಹೇಳಿಬಿಡಬೇಡಿ.

ಪುಸ್ತಕದ ಬೆನ್ನಿನ ಚೀಟಿಯಲ್ಲಿ ಡ್ಯೂಯಿ ಪದ್ಧತಿಯ (ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸೋ ಕ್ರಮ) ಸಂಖ್ಯೆ ಇದ್ದರೆ 398.2 ಜನಪದ ಕಥೆ, 520 ಖಗೋಳ, 590 ಪ್ರಾಣಿಗಳು, 796 ಆಟೋಟ. ಮಗು ಇಷ್ಟಪಡೋ ಒಂದೇ ಸಂಖ್ಯೆ ಕಲಿತರೆ ಸಾಕು, ಬೇರೆ ಲೈಬ್ರರಿಯಲ್ಲೂ ಅದೇ ದಾರಿ. ಕೊನೆಯ ಪುಟಕ್ಕೆ ಅಂಟಿಸಿದ ದಿನಾಂಕದ ಚೀಟಿಯನ್ನೂ ನೋಡಿಸಿ. ಮುದ್ರೆ ಒತ್ತೊತ್ತಾಗಿದ್ದರೆ ಬಹಳ ಮಕ್ಕಳು ಒಯ್ದ ಪುಸ್ತಕ ಅಂತ ಅರ್ಥ.

ಆಯ್ಕೆಯಲ್ಲಿ ದೊಡ್ಡವರು ಎಡವೋದು ಒಂದೇ ಕಡೆ: ತೆಳ್ಳಗಿದೆ ಅಂತ ಸುಲಭ ಅಂದುಕೊಳ್ಳೋದು. 40 ಪುಟದ ಜೀವನಚರಿತ್ರೆಯಲ್ಲಿ ಸಮಾಸಪದಗಳು ಸಾಲುಗಟ್ಟಿರುತ್ತವೆ. ಒಂದು ಪುಟ ಗಟ್ಟಿಯಾಗಿ ಓದಿಸಿ, ತಡವರಿಸಿದ ಪದಕ್ಕೊಂದು ಬೆರಳು ಮಡಚಲಿ. ಪುಟ ಮುಗಿಯೋ ಮೊದಲೇ ಐದೂ ಮಡಚಿದರೆ ಆ ಪುಸ್ತಕ ನೀವು ಓದಿ ಹೇಳೋಕೆ. ಆದರೆ ಯಾಕೆ ತಡವರಿಸಿದಳು ಅಂತ ಗಮನಿಸಿ. "ರಾಷ್ಟ್ರ" ಅನ್ನೋ ಕಡೆ ಒತ್ತಕ್ಷರಕ್ಕೆ ನಿಂತರೆ ಅದು ಅಭ್ಯಾಸದಿಂದ ಸರಿಹೋಗುತ್ತೆ. ಅರ್ಥವೇ ತಿಳಿಯದೆ ನಿಂತರೆ ಪುಸ್ತಕ ಬದಲಿಸಿ. ಮನೇಲಿ ಕನ್ನಡ ಮಾತಾಡೋ ಮಕ್ಕಳಿಗೆ ಸಂಭಾಷಣೆ ಜಾಸ್ತಿ ಇರೋ ಕಥೆಗಳು ಬೇಗ ಹಿಡಿಸುತ್ತವೆ.

ಕೆಂಪು ಕಟ್ಟಡ:
ಶಾಖೆ ಮೊದಲು ಅನ್ನೋದನ್ನ ಪೂರ್ತಿ ಒಪ್ಪೋಲ್ಲ. ಎರವಲಿಗೆ ಶಾಖೆ ಸರಿ. ಆದರೆ ಲೈಬ್ರರಿ ಅಂದ್ರೆ ಎಷ್ಟು ದೊಡ್ಡದಿರಬಹುದು ಅಂತ ಮಕ್ಕಳಿಗೆ ಕಾಣಬೇಕಾದ್ದು ಕಬ್ಬನ್ ಪಾರ್ಕಿನಲ್ಲಿ. ಶೇಷಾದ್ರಿ ಅಯ್ಯರ್ ಸ್ಮಾರಕ ಭವನ 1915ರದ್ದು, ಈಗ ರಾಜ್ಯ ಕೇಂದ್ರ ಗ್ರಂಥಾಲಯ. ಬ್ರೈಲ್ ವಿಭಾಗ ತೋರಿಸೋಕಾಗುತ್ತಾ ಅಂತ ಸಿಬ್ಬಂದಿಯನ್ನ ಕೇಳಿ. ಬೆರಳಿಂದ ಓದೋದನ್ನ ನೋಡಿದ ಮಗು ಅಕ್ಷರ ಅನ್ನೋದನ್ನೇ ಬೇರೆ ಥರ ನೋಡುತ್ತೆ. ಅದೇ ಪಾರ್ಕಿನಲ್ಲಿ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯವೂ ಇದೆ, 5 ವರ್ಷದವನಿಗೆ ಅದೇ ಸರಿ.

ವಿಜಯನಗರದಿಂದ ನೇರಳೆ ಮಾರ್ಗ, ರೈಲು ಬದಲಿಸಬೇಕಿಲ್ಲ. ವಿಧಾನಸೌಧ ನಿಲ್ದಾಣದಲ್ಲಿ ಇಳಿದು ಹೈಕೋರ್ಟ್ ಕಡೆಯಿಂದ ನಡೆಯಿರಿ. ಭಾನುವಾರ ಪಾರ್ಕಿನೊಳಗೆ ವಾಹನ ಬಿಡೋಲ್ಲ, ಮಕ್ಕಳ ಜೊತೆ ನಡೆಯೋಕೆ ಅದೇ ಒಳ್ಳೆಯದು.

ಇವೆಲ್ಲ ಯಾರೋ ಕೊಟ್ಟ ದಾನವಲ್ಲ. ರಾಜ್ಯದ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ಆಸ್ತಿ ತೆರಿಗೆ ಮೇಲೆ ಶೇ. 6ರಷ್ಟು ಗ್ರಂಥಾಲಯ ಸೆಸ್ ಇದೆ. ಬೇಕಾದ ಮಕ್ಕಳ ಪುಸ್ತಕ ಇಲ್ಲದಿದ್ದರೆ ತರಿಸಿ ಅಂತ ಸಂಕೋಚವಿಲ್ಲದೆ ಬರೆದುಕೊಡಿ.

ವಿಜಯನಗರದಮ್ಮ:
ತುಂಬಾ ಉಪಯೋಗ ಆಯ್ತು. ಚಿಕ್ಕವನು ಹಾಳೆ ಹರಿದುಬಿಟ್ಟರೆ?

ಕಪಾಟಿನ ಪಕ್ಕ:
ಸೆಲೋಟೇಪ್ ಮಾತ್ರ ಹಚ್ಚಬೇಡಿ ಮೇಡಂ. ಕೆಲವು ವರ್ಷದಲ್ಲಿ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತೆ, ಅಕ್ಷರವೂ ಹಾಳು. ಹರಿದ ಚೂರನ್ನ ಅದೇ ಪುಟದೊಳಗಿಟ್ಟು ವಾಪಸ್ ಕೊಡುವಾಗ ತೋರಿಸಿ. ಪುಸ್ತಕ ತಗೊಳ್ಳೋವಾಗಲೂ ಹಾಳೆ ತಿರುವಿ ನೋಡಿ. ಮೊದಲೇ ಹರಿದಿದ್ದರೆ ಕೌಂಟರಿನಲ್ಲೇ ಹೇಳಿ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಸಿಕೊಳ್ಳಿ, ಆಮೇಲೆ ನಿಮ್ಮ ತಲೆಗೆ ಬರೋಲ್ಲ.