ಹಾಸ್ಪೈಸ್‌ನಲ್ಲಿ ಅತ್ತೆಯನ್ನು ನೋಡಿಕೊಂಡ ಹುಡುಗಿಯರಿಗೆ ಏನು ಕೊಡಬಹುದು?

ಹಾಸನದ ಸೊಸೆ:

ನಮ್ಮತ್ತೆ ಹೋದ ತಿಂಗಳು ತೀರಿಕೊಂಡರು. ಬಾಯಿ ಕ್ಯಾನ್ಸರ್. ಎಲೆ ಅಡಿಕೆ ಜೊತೆ ಹೊಗೆಸೊಪ್ಪು, ಹದಿನೈದು ವರ್ಷದವರಿದ್ದಾಗಿಂದ. ಕೆನ್ನೆ ತೂತಾಗಿ ಗಾಯದಿಂದ ವಾಸನೆ ಬರುತ್ತಿತ್ತು. ಮೊಮ್ಮಕ್ಕಳು ರೂಮಿಗೆ ಬರುತ್ತಿರಲಿಲ್ಲ. ಅತ್ತೆಗೂ ಅದು ಗೊತ್ತಾಗಿ ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದರು. ದೊಡ್ಡ ಆಸ್ಪತ್ರೆಯವರು "ಇನ್ನು ಮನೆಗೆ ಕರ್ಕೊಂಡು ಹೋಗಿ" ಅಂದುಬಿಟ್ಟರು. ಸ್ವಲ್ಪ ದಿನ ಮನೆಯಲ್ಲೇ ಮಾತ್ರೆ ಕೊಟ್ಟು ನೋಡಿಕೊಂಡೆವು, ಕೊನೆಗೆ ಬೆಂಗಳೂರಿನ ಒಂದು ಹಾಸ್ಪೈಸ್‌ಗೆ, ಅಂದರೆ ಗುಣವಾಗದ ರೋಗಿಗಳನ್ನು ಕೊನೆತನಕ ನೋಡಿಕೊಳ್ಳುವ ಜಾಗಕ್ಕೆ, ಸೇರಿಸಿದೆವು.

ಅಲ್ಲಿ ಒಬ್ಬ ಹುಡುಗಿ, ರಾಯಚೂರು ಕಡೆಯವಳು, ಇಪ್ಪತ್ತೆರಡು ಇರಬಹುದು. ಮೊದಲ ದಿನವೇ ಡ್ರೆಸ್ಸಿಂಗ್ ಮುಗಿಸಿ "ಅಜ್ಜಿ, ಸೆರಗು ಯಾವ ಕಡೆಯಿಂದ ಹಾಕ್ಲಿ, ಗಾಯ ಕಾಣಬಾರದು ಅಲ್ವಾ?" ಎಂದು ಕೇಳಿದಳು. ಅತ್ತೆ ಆವತ್ತು ನಮ್ಮ ಕಡೆ ತಿರುಗಿ ಮಲಗಿದರು.

ಹೊರಡುವಾಗ ನಮ್ಮವರು ಅವಳ ಕೈಗೆ ದುಡ್ಡು ಇಡಲು ಹೋದರೆ ಮುಟ್ಟಲೇ ಇಲ್ಲ. ಅಲ್ಲಿ ಬಿಲ್ ಕೂಡ ಇಲ್ಲ. ನಾದಿನಿ ಎಲ್ಲರಿಗೂ ಸೀರೆ ಕೊಡೋಣ ಅನ್ನುತ್ತಾಳೆ. ನಮ್ಮವರು ಊರಿಗೆ ಕರೆಸಿ ಶಾಲು ಹೊದಿಸೋಣ ಅನ್ನುತ್ತಾರೆ. ನಿಮಗೇನನ್ನಿಸುತ್ತದೆ?

ತುಂಗಾತೀರ:

ಅವರೆಲ್ಲ ದೇವರಿಗೆ ಸಮಾನ ಅಕ್ಕಾ. ಶಾಲು, ಹಾರ, ಫಲತಾಂಬೂಲ ಕೊಟ್ಟು ಸನ್ಮಾನ ಮಾಡಿ. ಫೋಟೋ ತೆಗೆದು ಎಲ್ಲಾ ಕಡೆ ಹಾಕಿ, ನಾಲ್ಕು ಜನಕ್ಕೆ ಗೊತ್ತಾಗಲಿ.

ರಾತ್ರಿ ಪಾಳಿ:

ನಾನು ಇದೇ ಕೆಲಸದಲ್ಲಿರುವ ನರ್ಸ್. ಶಾಲು ಬೇಡ. ನಮ್ಮ ಲಾಕರ್‌ಗಳಲ್ಲಿ ಜಾಗ ಇಲ್ಲ! ಫೋಟೋ ಅಂತೂ ಬೇಡವೇ ಬೇಡ, ಹಿಂದಿನ ಹಾಸಿಗೆಯಲ್ಲಿ ಇನ್ನೊಬ್ಬರು ಮಲಗಿರುತ್ತಾರೆ.

ದೇವರು ಅಂದಾಗ ನನಗೆ ಸ್ವಲ್ಪ ಕಸಿವಿಸಿ ಆಗುತ್ತದೆ. ಆ ಹುಡುಗಿಗೆ ಕೆಲಸ ಗೊತ್ತಿದೆ, ಅದನ್ನು ಗುರುತಿಸಿ ಸಾಕು. ವಾಸನೆ ಹೇಗೆ ಕಮ್ಮಿಯಾಯಿತು ಅಂದುಕೊಂಡಿರಿ? ಬೇಧಿಗೆ ಕೊಡುತ್ತಾರಲ್ಲ ಮೆಟ್ರೊನಿಡಜೋಲ್, ಅದೇ ಮಾತ್ರೆ ನುಣ್ಣಗೆ ಪುಡಿ ಮಾಡಿ ಗಾಯಕ್ಕೆ ಉದುರಿಸುತ್ತೇವೆ. ಗಾಳಿಯಿಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾದಿಂದ ಆ ವಾಸನೆ ಬರುತ್ತದೆ, ಅವು ಸತ್ತರೆ ವಾಸನೆಯೂ ಇಳಿಯುತ್ತದೆ. ಗಾಯಕ್ಕೆ ಅಂಟಿದ ಹಳೇ ಗಾಜ್ ಬಟ್ಟೆಯನ್ನು ಹಾಗೇ ಎಳೆದರೆ ರಕ್ತ ಬರುತ್ತದೆ, ಜೀವ ಹೋಗುವಷ್ಟು ನೋವು. ಅದಕ್ಕೆ ಮೊದಲೇ ನೋವು ಇಳಿಸುವ ಮಾರ್ಫಿನ್ ಕೊಟ್ಟು, ಅದು ಹಿಡಿಯುವ ತನಕ ಕಾದು, ಸಲೈನ್‌ನಲ್ಲಿ ನೆನೆಸಿ ನೆನೆಸಿ ಬಿಡಿಸಬೇಕು. ಅವಸರದವರ ಕೈಲಿ ಆಗುವ ಕೆಲಸ ಅಲ್ಲ.

ಇನ್ನೊಂದು ನಿಮಗೆ ಕಂಡಿರುವುದಿಲ್ಲ. ಮನೆಯವರು "ಅವರಿಗೆ ಏನೂ ಹೇಳಬೇಡಿ ಸಿಸ್ಟರ್" ಎಂದು ನಮ್ಮನ್ನು ಪಕ್ಕಕ್ಕೆ ಕರೆದು ಹೇಳಿರುತ್ತಾರೆ. ಬೆಳಗಿನ ಜಾವ ಎರಡೂವರೆಗೆ ಅದೇ ರೋಗಿ, ಶೀಟ್ ಬದಲಿಸಲು ಬಂದ ಹುಡುಗಿಯ ಕೈ ಹಿಡಿದು "ನಂಗೆ ವಾಸಿ ಆಗಲ್ಲ ಅಲ್ವಾ?" ಎಂದು ಕೇಳುತ್ತಾರೆ. ಡಾಕ್ಟರನ್ನು ಕೇಳುವುದಿಲ್ಲ, ಮಗನನ್ನೂ ಕೇಳುವುದಿಲ್ಲ. ಹೌದು ಅಂದರೂ ಕಷ್ಟ, ಇಲ್ಲ ಅಂದರೆ ಸುಳ್ಳು. "ಯಾಕಜ್ಜಿ, ಏನನ್ನಿಸ್ತಿದೆ?" ಎಂದು ಸ್ಟೂಲ್ ಎಳೆದುಕೊಂಡು ಕೂರಬೇಕು. ಹಾಸ್ಪೈಸ್ ಎಂಬ ಈಗಿನ ಪದ್ಧತಿಗೆ ದಾರಿ ಹಾಕಿದ ಸಿಸಿಲಿ ಸಾಂಡರ್ಸ್ ಕೂಡ ಮೊದಲು ನರ್ಸ್ ಆಗಿದ್ದವರು. ಬೆನ್ನುನೋವಿನಿಂದ ನರ್ಸಿಂಗ್ ಬಿಟ್ಟು, ಆಮೇಲೆ ಡಾಕ್ಟರ್ ಓದಿ, 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಶುರು ಮಾಡಿದರು. ಹಾಸಿಗೆ ಪಕ್ಕ ಕೂತು ಕೇಳಿಸಿಕೊಳ್ಳುವುದೂ ಚಿಕಿತ್ಸೆಯೇ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ. ಪತ್ರ ಬರೆಯಿರಿ, ಕನ್ನಡದಲ್ಲೇ. "ತುಂಬಾ ಚೆನ್ನಾಗಿ ನೋಡಿಕೊಂಡರು" ಅನ್ನುವ ಪತ್ರ ನಮಗೆ ರಾಶಿ ಬರುತ್ತವೆ. ನೀವು ಆ ಸೆರಗಿನ ವಿಷಯ ಬರೆಯಿರಿ, ಅವಳ ಹೆಸರು ಹಾಕಿ. ಒಂದು ಪ್ರತಿ ಹಾಸ್ಪೈಸ್‌ಗೆ, ಒಂದು ಪ್ರತಿ ಅವಳ ಅಪ್ಪ ಅಮ್ಮನಿಗೆ, ಅವಳು ಒಪ್ಪಿದರೆ ಮಾತ್ರ. ಯಾಕೆಂದರೆ ಇಲ್ಲಿರುವ ಎಷ್ಟೋ ಹುಡುಗಿಯರು ಊರಲ್ಲಿ "ಆಸ್ಪತ್ರೆಯಲ್ಲಿ ಕೆಲಸ" ಅಂತಷ್ಟೇ ಹೇಳಿರುತ್ತಾರೆ. ಸಾಯುವವರ ಆಸ್ಪತ್ರೆ ಅಂದರೆ ಗಂಡಿನ ಕಡೆಯವರು ಮುಖ ಸಿಂಡರಿಸುತ್ತಾರೆ. ಮಗಳು ಏನು ಮಾಡುತ್ತಾಳೆ ಎಂದು ಅವಳ ಅಮ್ಮನಿಗೆ ನೀವು ಹೇಳಿದರೆ ಅದರ ತೂಕವೇ ಬೇರೆ.

ಬಯಲುಸೀಮೆ:

ಬಿಲ್ ಇಲ್ಲ ಅಂದರೆ ನಂಬಲು ಆಗುತ್ತಿಲ್ಲ. ನಮ್ಮ ಚಿಕ್ಕಪ್ಪನಿಗೆ ನಮ್ಮ ತಾಲೂಕಿನಲ್ಲಿ ಮಾರ್ಫಿನ್ ಮಾತ್ರೆಯೇ ಸಿಗಲಿಲ್ಲ. ಅಂಗಡಿಯವನು ನನ್ನನ್ನು ಕಳ್ಳನ ಥರ ನೋಡಿದ.

ರಾತ್ರಿ ಪಾಳಿ:

ನಿಜವಾಗಲೂ ಬಿಲ್ ಇಲ್ಲ. ಬೆಂಗಳೂರಿನ ಮಾರತ್‌ಹಳ್ಳಿ ಹತ್ತಿರದ ಕರುಣಾಶ್ರಯ ಹಾಸ್ಪೈಸ್‌ನ ಹೆಸರು ಕೇಳಿರಬಹುದು. ಅದರ ಟ್ರಸ್ಟ್ 1994ರಲ್ಲಿ ಶುರುವಾಯಿತು, ಮೊದಲು ಮನೆಮನೆಗೆ ಹೋಗಿ ನೋಡುತ್ತಿದ್ದರು, ಹಾಸಿಗೆಗಳ ಕಟ್ಟಡ ಬಂದದ್ದು 1999ರಲ್ಲಿ. ಗುಣವಾಗದ ಹಂತದ ಕ್ಯಾನ್ಸರ್‌ನವರನ್ನು ದುಡ್ಡಿಲ್ಲದೆ ನೋಡಿಕೊಳ್ಳುತ್ತಾರೆ. ಮಾರ್ಫಿನ್ ಕಷ್ಟ ಹಳೇದು. 1985ರ ಮಾದಕವಸ್ತು ಕಾಯ್ದೆಯಲ್ಲಿ ಲೈಸೆನ್ಸ್ ಮೇಲೆ ಲೈಸೆನ್ಸ್ ಕೇಳುತ್ತಿದ್ದರು. 2014ರಲ್ಲಿ ತಿದ್ದುಪಡಿ ಆಗಿ ಸುಲಭ ಮಾಡಿದ್ದಾರೆ, ಆದರೂ ಎಲ್ಲಾ ಅಂಗಡಿಯಲ್ಲಿ ಇಡುವುದಿಲ್ಲ. ಪ್ಯಾಲಿಯೇಟಿವ್ ಕೇರ್, ಅಂದರೆ ನೋವು ಕಮ್ಮಿ ಮಾಡಿ ಆರೈಕೆ ಮಾಡುವ ವಿಭಾಗ ಇರುವ ಆಸ್ಪತ್ರೆಯಲ್ಲೇ ಕೇಳಿ.

ತುಂಗಾತೀರ:

ಸಿಸ್ಟರ್, ಬೇಜಾರಾಗಬೇಡಿ. ಸಂಬಳನಾದ್ರೂ ಸರಿಯಾಗಿ ಕೊಡುತ್ತಾರಾ?

ರಾತ್ರಿ ಪಾಳಿ:

ಜಾಸ್ತಿ ಏನಿಲ್ಲ. ಸುಮ್ನೆ ಸೇವೆ ಅಂತ ಹೊಗಳಿದರೆ ಬಾಡಿಗೆ ಕಟ್ಟಲು ಆಗುವುದಿಲ್ಲ ಅಲ್ವಾ? ದಾನ ಕೊಡುವವರು ಮಂಚ, ಫ್ಯಾನ್, ಗೋಡೆ ಗಡಿಯಾರ ಕೊಟ್ಟು ಹೆಸರು ಬರೆಸುತ್ತಾರೆ. ಸಿಬ್ಬಂದಿ ಸಂಬಳಕ್ಕೆ ಅಂತ ಕೊಡುವವರು ಕಮ್ಮಿ. ಹೆಸರು ಬರೆಸಲು ಜಾಗ ಇಲ್ಲವಲ್ಲ! ಸೊಸೆಯಮ್ಮ, ಸೀರೆ ದುಡ್ಡನ್ನು ಟ್ರಸ್ಟ್‌ಗೆ ಚೆಕ್ ಕೊಟ್ಟು "ಆರೈಕೆ ಸಿಬ್ಬಂದಿಗೆ" ಎಂದು ಚೀಟಿ ಲಗತ್ತಿಸಿ.

ಹಾಸನದ ಸೊಸೆ:

ನಾದಿನಿ ಒಪ್ಪಿದಳು. ನಮ್ಮವರು ಇನ್ನೂ ಶಾಲು ಅನ್ನುತ್ತಿದ್ದಾರೆ, ನೋಡೋಣ. ಪತ್ರ ಬರೆಯಲು ಕೂತಿದ್ದೇನೆ. ಮನೆಯಲ್ಲಿ ಏರ್ ಬೆಡ್ ಒಂದು, ಡೈಪರ್ ಎರಡು ಪ್ಯಾಕೆಟ್, ಮಾರ್ಫಿನ್ ಮಾತ್ರೆ ಸ್ವಲ್ಪ ಉಳಿದಿವೆ. ಎಲ್ಲಾ ಅಲ್ಲಿಗೇ ಕೊಡಬಹುದಾ?

ರಾತ್ರಿ ಪಾಳಿ:

ಏರ್ ಬೆಡ್, ಡೈಪರ್ ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಾರೆ. ಪಂಪ್ ಮರೆಯಬೇಡಿ, ಎಲ್ಲರೂ ಅದನ್ನೇ ಮನೆಯಲ್ಲಿ ಬಿಟ್ಟು ಬರುತ್ತಾರೆ. ಮಾರ್ಫಿನ್ ಮಾತ್ರ ಯಾರು ಕೊಟ್ಟರೋ ಅವರಿಗೇ ವಾಪಸ್ ಮಾಡಿ. ಪಕ್ಕದ ಮನೆಯವರಿಗೆ ಬೆನ್ನುನೋವು ಅಂತ ಕೊಡಬೇಡಿ.