ಕೋಲಾಟ ಆಡಿದರೆ ಹೃದಯಕ್ಕೆ ವ್ಯಾಯಾಮವಾದಂತೆಯೇ?

ಪ್ರಶ್ನೆ (ಗಂಗಾವತಿಯಿಂದ)

ಮಾನ್ಯರೇ, ನನಗೆ 48 ವರ್ಷ. ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸವಾದ್ದರಿಂದ ದಿನವೆಲ್ಲ ಕುರ್ಚಿಯಲ್ಲೇ ಕಳೆಯುತ್ತದೆ. ಬಿಪಿ ಗಡಿಯಲ್ಲಿದೆ ಎಂದು ವೈದ್ಯರು ಎಚ್ಚರಿಸಿದ ಮೇಲೆ ಜಿಮ್‌ಗೆ ಮೂರು ತಿಂಗಳ ಹಣ ಕಟ್ಟಿದೆನಾದರೂ, ಗೋಡೆ ನೋಡುತ್ತ ಟ್ರೆಡ್‌ಮಿಲ್ ಮೇಲೆ ಓಡುವುದು ಹದಿನೆಂಟನೆಯ ದಿನಕ್ಕೇ ಸಾಕಾಯಿತು. ಕಳೆದ ತಿಂಗಳಿಂದ ನಮ್ಮ ಓಣಿಯ ಹುಡುಗರು ಗಿರಣಿಯ ಪಕ್ಕದ ಭತ್ತ ಒಣಗಿಸುವ ಕಣದಲ್ಲಿ ಸಂಜೆ ಕೋಲಾಟ ಕಲಿಯುತ್ತಿದ್ದಾರೆ. ಅವರೊಡನೆ ನಿಂತರೆ ಮುಕ್ಕಾಲು ಗಂಟೆ ಹೋದದ್ದೇ ತಿಳಿಯುವುದಿಲ್ಲ, ಅಂಗಿ ಬೆನ್ನಿಗೆ ಅಂಟಿರುತ್ತದೆ. ಇದನ್ನು ವ್ಯಾಯಾಮವೆಂದು ಲೆಕ್ಕಕ್ಕೆ ಹಿಡಿಯಬಹುದೇ?

ಉತ್ತರ 1 (ಬಳ್ಳಾರಿ, ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ)

ಧಾರಾಳವಾಗಿ ಹಿಡಿಯಿರಿ. ದೊಡ್ಡ ಸ್ನಾಯುಗಳು ಬಿಡುವಿಲ್ಲದೆ ಲಯಬದ್ಧವಾಗಿ ದುಡಿದರೆ ಸಾಕು. ಕಾಲು ಓಡುತ್ತಿದೆಯೋ ಕುಣಿಯುತ್ತಿದೆಯೋ ಎಂಬುದು ಹೃದಯಕ್ಕೆ ಬೇಕಿಲ್ಲ. ತಿಂಗಳುಗಟ್ಟಲೆ ಹೀಗೆ ದುಡಿದ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ತಳ್ಳಲು ಕಲಿಯುವುದರಿಂದ ವಿಶ್ರಾಂತಿಯಲ್ಲಿ ನಾಡಿ ನಿಧಾನವಾಗುತ್ತದೆ, ರಕ್ತನಾಳಗಳು ಸುಲಭವಾಗಿ ಹಿಗ್ಗುವುದರಿಂದ ಒತ್ತಡವೂ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಮಾಣ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ. ನಿಮ್ಮ ಮುಕ್ಕಾಲು ಗಂಟೆಯ ಆಟ ವಾರಕ್ಕೆ ನಾಲ್ಕು ದಿನ ನಡೆದರೆ 180 ಆಯಿತು.

ಆಟ ನಿಲ್ಲಿಸಿದ ಕೂಡಲೇ ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿರಿ. 220ರಲ್ಲಿ ವಯಸ್ಸನ್ನು ಕಳೆದರೆ ನಿಮಗೆ 172, ಅದರ ಶೇ. 64ರಿಂದ 76, ಅಂದರೆ ಸುಮಾರು 110ರಿಂದ 130, ಮಧ್ಯಮ ಶ್ರಮ ಎನಿಸುತ್ತದೆ. ಬಿಪಿಯ ಕೆಲವು ಮಾತ್ರೆಗಳು ನಾಡಿಯನ್ನೇ ತಗ್ಗಿಸುವುದರಿಂದ ಅವನ್ನು ನುಂಗುವವರು ಈ ಲೆಕ್ಕವನ್ನು ನಂಬಬಾರದು. ಮಾತನಾಡಲು ಬರಬೇಕು, ಹಾಡಲು ಬರಬಾರದು ಎಂಬ ಹಳೆಯ ಅಳತೆಯೇ ಅವರಿಗೆ ಲೇಸು.

ಉತ್ತರ 2 (ರಾಯಚೂರು, ಶುಶ್ರೂಷಕಿ)

ಅಣ್ಣಾವ್ರೇ, ಆಟ ಸರಿ, ಜಾಗ ಸರಿಯಿಲ್ಲ. ಸುಮ್ಮನೆ ಕೂತಾಗ ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಎಳೆಯುವ ನಾವು ಜೋರಾಗಿ ಶ್ರಮಪಟ್ಟಾಗ ಅದರ ಐದಾರು ಪಟ್ಟು ಎಳೆಯುತ್ತೇವೆ, ಅದೂ ಬಹುಪಾಲು ಬಾಯಿಯಿಂದ. ಮೂಗು ಸೋಸಬೇಕಾದ ಹೊಟ್ಟಿನ ಧೂಳು ನೇರವಾಗಿ ಒಳಗಿಳಿಯುತ್ತದೆ. ವ್ಯಾಯಾಮದಿಂದ ಶ್ವಾಸಕೋಶವೇ ದೊಡ್ಡದಾಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ವಯಸ್ಕರಲ್ಲಿ ಹಾಗಾಗುವುದಿಲ್ಲ. ಉಸಿರಾಟದ ಸ್ನಾಯುಗಳು ಗಟ್ಟಿಯಾಗಿ, ಕೈಕಾಲಿನ ಸ್ನಾಯುಗಳು ರಕ್ತದಿಂದ ಆಮ್ಲಜನಕವನ್ನು ಚೆನ್ನಾಗಿ ಹೀರಲು ಕಲಿಯುವುದರಿಂದ ಅದೇ ಮೆಟ್ಟಿಲಿಗೆ ಮೊದಲಿನಷ್ಟು ಏದುಸಿರು ಬರುವುದಿಲ್ಲ, ಅಷ್ಟೇ. ಬೇಸಿಗೆಯಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುವುದರಿಂದ ಆಗ ಬೆಳಗಿನ ಹೊತ್ತೇ ಆಗಬೇಕು. ಎದೆ ಬಿಗಿದರೆ, ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಿರಿ.

ಉತ್ತರ 3 (ಕೊಪ್ಪಳ)

ಹಬ್ಬ ಮುಗಿದ ಮೇಲೆ ಹುಡುಗರು ಕೋಲು ಅಟ್ಟಕ್ಕೆ ಹಾಕುತ್ತಾರೆ, ಆಗೇನು ಮಾಡುತ್ತೀರಿ? ನಾನಂತೂ ಗೆಳೆಯರೊಡನೆ ಹರಟುತ್ತ ಅಂಜನಾದ್ರಿ ಹತ್ತುತ್ತೇನೆ. ಸುಮಾರು 575 ಮೆಟ್ಟಿಲು, ನಿಮಗೂ ಹತ್ತಿರ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ನಿನ್ನೆಯಿಂದ ಆಟವನ್ನು ಶಾಲೆಯ ಬಯಲಿಗೆ ಒಯ್ದೆವು. ನಾಡಿ ಎಣಿಸಿದೆ, 30 ಬಡಿತ, ಅಂದರೆ 120. ಹುಡುಗರು ಛೇಡಿಸಿದ್ದಕ್ಕೆ ಉತ್ತರ ಕೊಡಲು ಉಸಿರಿತ್ತು, ಪದ ಎತ್ತಿಕೊಡು ಎಂದಾಗ ಮಾತ್ರ ಎರಡನೆಯ ಸಾಲಿಗೇ ದನಿ ನಿಂತಿತು.