ಸೋಲಾರ್ ಹಾಕಿಸಿದ ಮೇಲೂ ಕರೆಂಟ್ ಹೋಗುತ್ತಾ? – ಪ್ರಶ್ನೋತ್ತರ

ಪ್ರಶ್ನೆ (ಕುವೆಂಪುನಗರ, ಮೈಸೂರು):
ನಮಸ್ಕಾರ ಸರ್. ನಮ್ಮ ಮನೆಗೆ ತಿಂಗಳಿಗೆ 280 ಯೂನಿಟ್ ಆಸುಪಾಸು ಖರ್ಚಾಗುತ್ತೆ, ಹಾಗಾಗಿ ಗೃಹಜ್ಯೋತಿ ಸಿಗಲ್ಲ. ಮಾಳಿಗೆ ಸೋಲಾರ್‌ಗೆ ಕೇಂದ್ರ ಸಹಾಯಧನ ಕೊಡೋ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಹಾಕಿಸೋಣ ಅಂದ್ಕೊಂಡಿದ್ದೀವಿ. ಆದ್ರೆ ಪಕ್ಕದ ಮನೆಯವರು ಹೋದ ವರ್ಷ ಹಾಕಿಸಿದ್ದಾರೆ, ಮಟಮಟ ಮಧ್ಯಾಹ್ನ ಕರೆಂಟ್ ಹೋದ್ರೆ ಅವರ ಫ್ಯಾನೂ ನಿಂತುಹೋಗುತ್ತೆ! ಅವರದ್ದು ಕೆಟ್ಟಿದೆಯಾ? ಗ್ಯಾಸ್ ಬಿಟ್ಟು ಇಂಡಕ್ಷನ್ ಒಲೆಗೆ ಹೋಗೋ ಯೋಚನೆನೂ ಇದೆ.

ಉತ್ತರ (ಎಲೆಕ್ಟ್ರಿಕಲ್ ಎಂಜಿನಿಯರ್):
ಕೆಟ್ಟಿಲ್ಲ ಮೇಡಂ, ಅದು ನಿಲ್ಲಲೇಬೇಕು. ಅವರದ್ದು ಆನ್‌ಗ್ರಿಡ್ ಸಿಸ್ಟಮ್, ಅಂದ್ರೆ ಬ್ಯಾಟರಿ ಇಲ್ಲದೆ ಬೀದಿಯ ಲೈನಿಗೇ (ಗ್ರಿಡ್) ಜೋಡಿಸಿದ್ದು. ಬೀದಿಯ ಲೈನಲ್ಲಿ ಕರೆಂಟ್ ಇಲ್ಲ ಅಂತ ಗೊತ್ತಾದ ತಕ್ಷಣ ಅದರ ಇನ್ವರ್ಟರ್ (ಪ್ಯಾನೆಲ್ ಕರೆಂಟನ್ನ ಮನೆ ಕರೆಂಟಾಗಿ ಬದಲಿಸೋ ಪೆಟ್ಟಿಗೆ) ತಾನೂ ಆಫ್ ಆಗುತ್ತೆ. ಹಾಗೆ ಆಗದಿದ್ರೆ ನಿಮ್ಮ ಮಾಳಿಗೆ ಮೇಲಿನ ಕರೆಂಟ್ ಹೊರಗಿನ ತಂತಿಗೆ ಹರಿಯುತ್ತೆ, ಕಂಬ ಹತ್ತಿದ ಲೈನ್‌ಮನ್ ಜೀವಕ್ಕೇ ಕುತ್ತು. ಇದನ್ನ ಮಾರೋರು ಮೊದಲೇ ಬಿಡಿಸಿ ಹೇಳ್ಬೇಕು. ಎಷ್ಟೋ ಜನ ಹೇಳಲ್ಲ, ಆಮೇಲೆ ಗ್ರಾಹಕರಿಗೆ ಮೋಸ ಹೋದ ಹಾಗೆ ಅನಿಸುತ್ತೆ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ.

ಕರೆಂಟ್ ಹೋದಾಗಲೂ ಬೇಕು ಅಂದ್ರೆ ಲೈನಿಗೂ ಬ್ಯಾಟರಿಗೂ ಹೊಂದೋ ಹೈಬ್ರಿಡ್ ಇನ್ವರ್ಟರ್, ಜೊತೆಗೆ ಬ್ಯಾಟರಿ ಬೇಕು. 3 ಕಿಲೋವ್ಯಾಟ್‌ಗೆ ಕೇಂದ್ರದಿಂದ 78,000 ರೂಪಾಯಿ ಸಹಾಯಧನ ಬರುತ್ತೆ, ಆದ್ರೆ ಅದರಲ್ಲಿ ಬ್ಯಾಟರಿಗೆ ಅಂತ ಬೇರೆ ದುಡ್ಡಿಲ್ಲ. ನಿಮ್ಮ ಮನೆಯಲ್ಲಿ ಈಗಾಗಲೇ ಲೈಟು, ಫ್ಯಾನಿಗೆ ಯುಪಿಎಸ್ ಇದ್ರೆ ಅದನ್ನೇ ಇಟ್ಕೊಂಡು ಮೇಲೆ ಆನ್‌ಗ್ರಿಡ್ ಹಾಕಿಸಿ. ನನ್ನ ಮಟ್ಟಿಗೆ ಮೈಸೂರಿನ ಸಾಮಾನ್ಯ ಮನೆಗೆ ಅಷ್ಟು ಸಾಕು.

ಅಳತೆ ವಿಷಯಕ್ಕೆ ಬಂದ್ರೆ, ನೆರಳಿಲ್ಲದ ಮಾಳಿಗೆಯಲ್ಲಿ 1 ಕಿಲೋವ್ಯಾಟ್‌ಗೆ ವರ್ಷದ ಸರಾಸರಿ ದಿನಕ್ಕೆ ಸುಮಾರು 4 ಯೂನಿಟ್. 3 ಕಿಲೋವ್ಯಾಟ್ ಅಂದ್ರೆ ತಿಂಗಳಿಗೆ 350ರ ಹತ್ತಿರ. ನಿಮಗೆ ಧಾರಾಳವಾಯ್ತು. ಅದಕ್ಕಿಂತ ದೊಡ್ಡದು ಬೇಡ, ಉಳಿದ ಯೂನಿಟ್‌ಗೆ ಸಿಗೋ ದರ ನೀವು ಕೊಳ್ಳೋ ದರಕ್ಕಿಂತ ಕಡಿಮೆ.

ಈಗ ಒಂದು ಕೆಲಸ ಮಾಡಿ. ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 4, ಈ ಮೂರು ಹೊತ್ತೂ ಮಾಳಿಗೆ ಹತ್ತಿ ನೆರಳು ಎಲ್ಲಿ ಬೀಳುತ್ತೆ ನೋಡಿ. ನಮ್ಮೂರಲ್ಲಿ ಮನೆಮನೆಗೂ ನೀರು ಕಾಯಿಸೋ ಸೋಲಾರ್ ಇದೆ, ಅದರ ಟ್ಯಾಂಕು ಸ್ಟ್ಯಾಂಡಿನ ಮೇಲೆ ಎತ್ತರಕ್ಕೆ ಕೂತಿರುತ್ತೆ. ಅದರ ನೆರಳೋ ತೆಂಗಿನ ಗರಿಯ ನೆರಳೋ ಒಂದು ಪ್ಯಾನೆಲ್ ಮೇಲೆ ಬಿದ್ರೆ, ಜೊತೆಗೆ ಸಾಲಾಗಿ ಜೋಡಿಸಿದ ಉಳಿದ ಪ್ಯಾನೆಲ್‌ಗಳ ಉತ್ಪಾದನೆಯೂ ಕುಗ್ಗಬಹುದು. ಟ್ಯಾಂಕ್ ಉತ್ತರಕ್ಕೆ ಸರಿಸೋಕಾದ್ರೆ ಸರಿಸಿ. ಅದು ಬಿಟ್ಟು ಇನ್ನೂ ಎರಡು ಪ್ಯಾನೆಲ್ ಸೇರಿಸಿ ಅನ್ನೋರ ಮಾತು ಕೇಳ್ಬೇಡಿ.

ಇಂಡಕ್ಷನ್ ಒಳ್ಳೆ ಯೋಚನೆ. ಆದ್ರೆ ಅದು 2 ಕಿಲೋವ್ಯಾಟ್‌ವರೆಗೆ ಎಳೆಯುತ್ತೆ. ಅಡುಗೆಮನೆಗೆ ಬೇರೆ ಲೈನ್, 16 ಆಂಪ್ ಸಾಕೆಟ್ ಇದೆಯಾ, ಮಂಜೂರಾದ ಲೋಡ್ ಸಾಲುತ್ತಾ, ಮೊದಲು ನೋಡಿಸಿ. ರಾತ್ರಿ ಅಡುಗೆ ಹೊತ್ತಿಗೆ ಬಿಸಿಲಿರಲ್ಲ, ಒಲೆ ಗ್ರಿಡ್ ಕರೆಂಟಲ್ಲೇ ಉರಿಯುತ್ತೆ. ನೆಟ್ ಮೀಟರ್ (ಲೈನಿಗೆ ಕೊಟ್ಟಿದ್ದು, ತಗೊಂಡಿದ್ದು ಎರಡನ್ನೂ ಅಳೆಯೋ ಮೀಟರ್) ಇರೋದ್ರಿಂದ ಹಗಲು ಕೊಟ್ಟಿದ್ದು ಬಿಲ್ಲಲ್ಲಿ ವಜಾ ಆಗುತ್ತೆ, ನಿಗದಿತ ಶುಲ್ಕ ಮಾತ್ರ ಕಟ್ಟಲೇಬೇಕು. ಒಂದು ಸಿಲಿಂಡರ್ ಮನೆಯಲ್ಲಿರಲಿ.

ಪ್ರಶ್ನೆ (ಮಳವಳ್ಳಿ ತಾಲ್ಲೂಕು, ಮಂಡ್ಯ):
ಸಾರ್, ನಮ್ದು ಕಬ್ಬು. 5 ಎಚ್‌ಪಿ ಬೋರ್ ಅದೆ. ತ್ರೀಫೇಸ್ ಎಷ್ಟೋ ದಿನ ರಾತ್ರಿನೇ ಕೊಡ್ತಾರೆ. ಹಾವು ಇರ್ಲಿ, ಈಗ ಕಬ್ಬಿನ ಗದ್ದೇಲಿ ಚಿರತೆ ಭಯ ಬೇರೆ. ಸೋಲಾರ್ ಪಂಪ್ ಹಾಕಿಸ್ಲಾ?

ಉತ್ತರ:
ಅಣ್ಣಾ, ಬಿಲ್ ಉಳಿಯುತ್ತೆ ಅಂತ ಹಾಕಿಸ್ಬೇಡಿ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ನೀವು ಬಿಲ್ಲೇ ಕಟ್ಟಲ್ಲ. ನಿಮಗೆ ಸಿಗೋ ಲಾಭ ಹಗಲು ನೀರು. ರಾತ್ರಿ ಗದ್ದೆಗೆ ಹೋಗೋದು ತಪ್ಪುತ್ತಲ್ಲ, ಅದನ್ನ ನಾನು ಸಣ್ಣದು ಅನ್ನಲ್ಲ.

ಆದ್ರೆ ರೈತರ ಸೋಲಾರ್‌ಗಾಗಿ ಇರೋ ಕೇಂದ್ರದ ಕುಸುಮ್ ಯೋಜನೆಯ ಬಿ ಭಾಗದಲ್ಲಿ ಪಂಪ್ ಕೊಡೋದು ಮುಖ್ಯವಾಗಿ ಲೈನ್ ಇಲ್ಲದ ಕಡೆಗೆ, ಡೀಸೆಲ್ ಪಂಪ್ ಬದಲಿಗೆ. ನಿಮ್ಮ ಹಾಗೆ ಲೈನ್ ಇರೋರಿಗೆ ಸಿ ಭಾಗ ಇದೆ: ಸಬ್‌ಸ್ಟೇಷನ್ ಹತ್ತಿರ ಸೋಲಾರ್ ಘಟಕ ಹಾಕಿ, ಇಡೀ ಫೀಡರ್‌ಗೆ (ಅಲ್ಲಿಂದ ನಿಮ್ಮ ಕಡೆಗೆ ಬರೋ ಲೈನ್) ಹಗಲೇ ಕರೆಂಟ್ ಕೊಡೋದು. ನಿಮ್ಮ ಫೀಡರ್ ಅದರಲ್ಲಿ ಸೇರಿದೆಯಾ ಅಂತ ನಿಮ್ಮ ಕಡೆ ಕರೆಂಟ್ ಕೊಡೋ ಕಂಪನಿ ಸೆಸ್ಕ್‌ನ ಸೆಕ್ಷನ್ ಆಫೀಸಲ್ಲಿ ಕೇಳಿ. ಸೇರಿದ್ರೆ ಕೈಯಿಂದ ದುಡ್ಡು ಹಾಕೋದು ಯಾಕೆ?

ಸ್ವಂತ ಹಾಕಿಸಿದ್ರೂ ಬೆಳಿಗ್ಗೆ ಸಂಜೆ ನೀರು ಸಣ್ಣಗೆ ಬರುತ್ತೆ. ಮೋಡ ಮುಸುಕಿದ ದಿನ ಇನ್ನೂ ಕಡಿಮೆ. ಕಾಲುವೆ ಹಾಯಿಸಿದ ಹಾಗೆ ಕಬ್ಬಿಗೆ ನೀರು ಬಿಡ್ತೀನಿ ಅಂದ್ರೆ ಬಿಸಿಲು ಇಳಿದಾಗ ನೀರು ಸಾಲಿನ ಕೊನೆ ಮುಟ್ಟಲ್ಲ. ಡ್ರಿಪ್ ಹಾಕಿ, ಇಲ್ಲವೇ ತೊಟ್ಟಿ ಕಟ್ಟಿ ತುಂಬಿಸ್ಕೊಂಡು ಹಾಯಿಸಿ. ಬೋರ್ ಆಳ, ನೀರಿನ ಮಟ್ಟ ಎರಡೂ ಬರೆದು ಕಳಿಸಿ, ಎಚ್‌ಪಿ ಹೇಳ್ತೀನಿ.

ಪ್ರಶ್ನೆ (ವಿಜಯನಗರ, ಮೈಸೂರು):
ನಮಗೆ ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ. ಆದ್ರೂ ಸೋಲಾರ್ ಹಾಕಿಸಿ ಅಂತ ದಿನಾ ಫೋನ್ ಬರುತ್ತೆ.

ಉತ್ತರ:
ಈಗ ಬೇಡ. ಉಳಿಸೋಕೆ ಬಿಲ್ಲೇ ಇಲ್ಲದಾಗ ಸಾಲ ಮಾಡಿ ಹಾಕಿಸಿದ್ರೆ ಕಂತು ಮಾತ್ರ ಉಳಿಯುತ್ತೆ. ಮಹಡಿ ಕಟ್ಟಿಸ್ತೀರಾ, ಎಲೆಕ್ಟ್ರಿಕ್ ಸ್ಕೂಟರ್ ತಗೋತೀರಾ, ಬಳಕೆ 200 ಯೂನಿಟ್ ದಾಟುತ್ತೆ ಅನಿಸಿದ ದಿನ 12 ತಿಂಗಳ ಬಿಲ್ ಫೋಟೋ ಇಲ್ಲೇ ಹಾಕಿ, ಲೆಕ್ಕ ಹಾಕಿ ಹೇಳ್ತೀನಿ.